ಬಿಲಾತಿಯ ಮೊಲದ ಗೂಡಿಗೆ ಸಗಣಿ ಸಾರಿಸಿದ್ದು

ಕೊಳ್ಳೇಗಾಲ

ನಾನು ಬಿಲಾತಿಗೆ ಹೋಗಿಬಂದವನು ಎಂಬುದು ನಮ್ಮ ಬೀದಿಯಲ್ಲಿ ಎಲ್ಲರಿಗೂ ಗೊತ್ತು. ಗೊತ್ತಿಲ್ಲದವರಿಗೆ ನಾನೇ ಹೇಳಿದ್ದೇನೆ. ಅಲ್ಲಿ ಎಂಟು ತಿಂಗಳು ಏನು ಕಲಿತೆ ಎಂದು ಕೇಳಿದವರಿಗೆ ರೇಷ್ಮೆಗೆ ಬಣ್ಣ ಕಟ್ಟುವುದು, ಬಟ್ಟೆಗೆ ಹೊಳಪು ಕೊಡುವುದು ಎಂದೆಲ್ಲ ವಿವರಿಸಿದ್ದೇನೆ. ಆದರೆ ನಾಲ್ಕು ದಿನ ಒಂದು ಮೊಲಕ್ಕೂ ಎರಡು ಗಿನಿಪಿಗ್ಗುಗಳಿಗೂ ನಾನು ಯಮನಾಗಿದ್ದ ಸಂಗತಿಯನ್ನು ಬಾಯಿ ಬಿಟ್ಟಿಲ್ಲ. ಬರೆದರೆ ಓದುವವರ ಮುಖ ನೋಡಬೇಕಾಗಿಲ್ಲ ಎಂಬ ಧೈರ್ಯದ ಮೇಲೆ ಈಗ ಬರೆಯುತ್ತಿದ್ದೇನೆ.

ನಮ್ಮದು ಕೊಳ್ಳೇಗಾಲದ ನೇಯ್ಗೆಯ ಮನೆ. ನಾನು ನಾಲ್ಕಕ್ಷರ ಇಂಗ್ಲಿಷ್ ಕಲಿತು ಸರ್ಕಾರಿ ಕೆಲಸಕ್ಕೆ ಸೇರಿದ್ದರಿಂದ ತರಬೇತಿಗೆ ನನ್ನ ಹೆಸರು ಬಂತು. ಹೊರಡುವ ಮುಂಚೆ ಅಪ್ಪ ತಾನೇ ಮಗ್ಗದಲ್ಲಿ ಕೂತು ಮಡಿಗೆ ಉಡುವ ಒಂದು ರೇಷ್ಮೆಯ ಪಟ್ಟೆ ಮಗುಟ ನೇಯ್ದ. ಬೆಣ್ಣೆಯ ಬಣ್ಣದ ಮೈ, ಗೇಣಗಲ ಜರಿಯಂಚು. ನೂಲು ಹನೂರಿನ ನನ್ನ ಸೋದರತ್ತೆ ಪುಟ್ಟಮ್ಮ ಸಾಕಿದ ಹುಳುಗಳದ್ದು. ಅತ್ತೆ ಹನೂರಿನಿಂದ ಬಸ್ಸಿನಲ್ಲಿ ಬಂದು ಮಗುಟವನ್ನು ಕೈಯಲ್ಲಿ ಸವರಿ ನೋಡಿ ನನ್ನ ಟ್ರಂಕಿನೊಳಗೆ ತಾನೇ ಇಟ್ಟಳು.

"ಇದ ಅಲ್ಲಿ ಯಾರಾರ ದೊಡ್ ಮನುಷ್ರಿಗೆ ಕೊಡು ಕೂಸು. ಕಂಡಕಂಡೋರ್ಗೆಲ್ಲ ಕೊಟ್ಟುಟ್ಟು ಬರ್ಬ್ಯಾಡ" ಎಂದಳು.

ತರಬೇತಿ ಕೊಡುವ ಗಿರಣಿಯ ಯಜಮಾನರಿಗೇ ಕೊಡುತ್ತೇನೆ ಎಂದು ಮಾತು ಕೊಟ್ಟೆ.

ಈ ಅತ್ತೆಯ ಹುಳುಮನೆಯ ವಿಷಯ ಇಲ್ಲೇ ಹೇಳಿಬಿಡಬೇಕು, ಮುಂದೆ ನನ್ನ ಮಾನ ಹೋದದ್ದು ಅದರಿಂದಲೇ. ರೇಷ್ಮೆಹುಳು ಸಾಕುವ ಕೋಣೆಗೆ ಅತ್ತೆ ಹೊರಗಿನವರನ್ನು ಬಿಡುತ್ತಿರಲಿಲ್ಲ. ಕಣ್ಣು ಬೀಳುತ್ತದೆ, ಹುಳುವಿಗೆ ರೋಗ ತಗುಲುತ್ತದೆ ಎಂಬ ಭಯ. ಅಣ್ಣನ ಮಗನಾದ ನನಗೂ ಹೊಸ್ತಿಲೇ ಗಡಿ. ಅಲ್ಲಿಂದ ಕತ್ತು ಚಾಚಿದರೆ ಬಾಗಿಲಿಗೆ ಇಳಿಬಿಟ್ಟ ಗೋಣಿ, ಸಗಣಿ ಸಾರಿಸಿದ ಬಿದಿರು ತಟ್ಟೆಗಳು, ತಟ್ಟೆಯ ಕಾಲಿನಡಿ ಇರುವೆ ಹತ್ತದಿರಲೆಂದು ಇಟ್ಟ ನೀರಿನ ಬಟ್ಟಲುಗಳು ಕಾಣುತ್ತಿದ್ದವು. ಇಷ್ಟನ್ನು ಹೊಸ್ತಿಲಲ್ಲಿ ನಿಂತು ನೋಡಿದ ನಾನು ಹುಳು ಸಾಕುವ ವಿದ್ಯೆ ಪೂರ್ತಿ ಕಲಿತುಬಿಟ್ಟೆ ಎಂದುಕೊಂಡು ಬೆಳೆದೆ.

ಹಡಗು

ಹಡಗಿನಲ್ಲಿ ಮೊದಲ ಮೂರು ದಿನ ನನ್ನ ಹೊಟ್ಟೆಯಲ್ಲಿದ್ದುದೆಲ್ಲ ಸಮುದ್ರಕ್ಕೆ ಹೋಯಿತು. ನಾಲ್ಕನೆಯ ದಿನ ಕಟಕಟೆ ಹಿಡಿದು ನಿಂತಿದ್ದಾಗ ಪಕ್ಕದಲ್ಲೊಬ್ಬರು, "ಮಾದಪ್ಪಾ, ಇನ್ನೆಷ್ಟ್ ದಿನ ಅದಪ್ಪಾ ಈ ನೀರು" ಎಂದು ನರಳಿದರು. ಮಲೆ ಮಾದಪ್ಪನನ್ನು ಕರೆಯುವ ಆ ರಾಗ ಕೇಳಿದ ಕೂಡಲೇ ಇವರು ನಮ್ಮ ಕಡೆಯವರೇ ಎಂದು ತಿಳಿಯಿತು. ಅವರು ಯಳಂದೂರು ತಾಲ್ಲೂಕಿನ ಮಾಂಬಳ್ಳಿಯ ನಂಜುಂಡಪ್ಪ, ಮೈಸೂರು ರಾಜ್ಯದಲ್ಲಿ ರೇಷ್ಮೆ ಇನ್ಸ್‌ಪೆಕ್ಟರು. ನಮ್ಮಿಬ್ಬರ ಮನೆಗಳ ನಡುವೆ ಎತ್ತಿನ ಗಾಡಿಯಲ್ಲಿ ಒಂದು ಹೊತ್ತಿನ ದಾರಿ. ಆದರೆ ಆಗ ಕೊಳ್ಳೇಗಾಲ ಮದರಾಸಿಗೆ ಸೇರಿತ್ತು, ಯಳಂದೂರು ಮೈಸೂರಿಗೆ. ಎರಡು ಸರ್ಕಾರಗಳು ಬೇರೆಬೇರೆಯಾಗಿ ಯೋಚಿಸಿ, ಬೇರೆಬೇರೆ ಕಾಗದ ಬರೆದು, ನಮ್ಮಿಬ್ಬರನ್ನೂ ಒಂದೇ ಗಿರಣಿಗೆ ಕಳಿಸಿದ್ದವು.

ನಾನು ಮದರಾಸಿನಂಥ ದೊಡ್ಡ ರಾಜ್ಯದ ನೌಕರ ಎಂಬ ಜಂಬ ನನಗಿತ್ತು. ಅದನ್ನು ಅವರಿಗೆ ದಿನಕ್ಕೊಮ್ಮೆ ನೆನಪಿಸುತ್ತಿದ್ದೆ. ಅವರು, "ಊ ಕಣ್ರಿ ಸಾ, ನೀವ್ ಮದರಾಸ್ನೋರು" ಎಂದು ನಗುತ್ತಿದ್ದರು.

ಮ್ಯಾಕಲ್ಸ್‌ಫೀಲ್ಡ್

ಇಂಗ್ಲೆಂಡಿನ ಉತ್ತರಕ್ಕಿರುವ ಈ ಊರು ರೇಷ್ಮೆಯ ಊರು. ಆದರೂ ಒಂದು ಹಿಪ್ಪುನೇರಳೆ ಗಿಡವಿಲ್ಲ, ಒಂದು ಹುಳುವಿಲ್ಲ. ನೂಲೆಲ್ಲ ಹೊರದೇಶದ್ದು. ಹುಳುವನ್ನೇ ಕಾಣದ ಜನ ರೇಷ್ಮೆಯಲ್ಲಿ ಬದುಕುತ್ತಿರುವುದು ನಂಜುಂಡಪ್ಪನವರಿಗೆ ಮೊದಲ ವಾರ ಜೀರ್ಣವಾಗಲಿಲ್ಲ.

ನಮಗೆ ಊಟ ವಸತಿ ಕೊಟ್ಟವರು ಮಿಸೆಸ್ ಡಾಸನ್. ಅರವತ್ತರ ಆಸುಪಾಸಿನ ವಿಧವೆ, ಎತ್ತರದ ಹೆಂಗಸು. ಆಕೆಯ ಹಿತ್ತಲಿನಲ್ಲಿ ಕಾಲುಗಳ ಮೇಲೆ ನಿಂತ ಒಂದು ಮರದ ಗೂಡು. ಮುಂದೆ ತಂತಿಬಲೆ, ಮೇಲೆ ಡಾಂಬರು ಬಳಿದ ಮಾಡು, ನಡುವೆ ಒಂದು ಹಲಗೆಯ ಅಡ್ಡಗೋಡೆ. ಒಂದು ಕಡೆ ಮೇಜರ್ ಎಂಬ ಬೂದು ಮೊಲ, ಇನ್ನೊಂದು ಕಡೆ ಪಾಲಿ ಮತ್ತು ಡಾಲಿ ಎಂಬ ಗಿನಿಪಿಗ್ಗುಗಳು. ಗಿನಿಪಿಗ್ ಎಂದರೆ ಬಾಲವಿಲ್ಲದ, ಕೊಬ್ಬಿದ ಇಲಿ ಎಂದುಕೊಂಡರೆ ಸಾಕು. ಅಡುಗೆಮನೆಯ ಬಾಗಿಲು ಕಿರ್ ಎಂದರೆ ಎಲೆಕೋಸು ಬಂತೆಂದು ಅವೆರಡೂ 'ವೀಕ್ ವೀಕ್' ಎಂದು ಸಿಳ್ಳೆ ಹಾಕುತ್ತಿದ್ದವು.

ಹನೂರಿನ ಕಡೆ ಮೊಲವೆಂದರೆ ಬಲೆಗೆ ಬಿದ್ದು ಸಾರಿಗೆ ಹೋಗುವ ಪದಾರ್ಥ. ಇಲ್ಲಿ ಮಿಸೆಸ್ ಡಾಸನ್ ಅದಕ್ಕೆ "ಗುಡ್ ಮಾರ್ನಿಂಗ್ ಮೇಜರ್" ಎನ್ನುತ್ತಿದ್ದರು. ನನಗಾದರೋ ಅವರು ಚಹಾ ಕುಡಿದ ಮೇಲೆಯೇ ಗುಡ್ ಮಾರ್ನಿಂಗ್ ಹೇಳುತ್ತಿದ್ದುದು.

ಒಂದು ಸಂಜೆ ಊಟದ ಮೇಜಿನಲ್ಲಿ ಅವರು, ನಿಮ್ಮ ಊರಿನಲ್ಲಿ ಪ್ರಾಣಿ ಸಾಕುತ್ತಾರೆಯೇ ಎಂದು ಕೇಳಿದರು. ನಾನು ಚಮಚ ಕೆಳಗಿಟ್ಟೆ. ನಮ್ಮ ವಂಶದಲ್ಲಿ ಒಂದು ಬೆಳೆಗೆ ಸಾವಿರಾರು ಜೀವ ಸಾಕುತ್ತೇವೆ, ಅವಕ್ಕೆ ಚಳಿ ತಗುಲದಂತೆ ನೋಡಿಕೊಳ್ಳುವುದು ನಮಗೆ ರಕ್ತದಲ್ಲೇ ಬಂದಿದೆ ಎಂದೆ. ಆ ಜೀವಗಳು ಹುಳುಗಳು ಎಂದು ಹೇಳಲಿಲ್ಲ. ನಾನು ಒಂದನ್ನೂ ಮುಟ್ಟಿಲ್ಲ ಎಂದಂತೂ ಹೇಳಲೇ ಇಲ್ಲ. ನಿಜವಾಗಿ ಹುಳು ಸಾಕಿ ಬೆಳೆದಿದ್ದ ನಂಜುಂಡಪ್ಪನವರು ತಲೆ ತಗ್ಗಿಸಿ ಆಲೂಗಡ್ಡೆ ತಿನ್ನುತ್ತಿದ್ದರು.

ನವೆಂಬರ್ ಬಂತು. ಮಿಸೆಸ್ ಡಾಸನ್ ಅವರಿಗೆ ಹೊಟ್ಟೆಯ ಆಪರೇಷನ್ ಗೊತ್ತಾಯಿತು, ಎರಡು ವಾರ ಆಸ್ಪತ್ರೆ. ಹೊರಡುವ ಬೆಳಿಗ್ಗೆ ನನ್ನನ್ನು ಹಿತ್ತಲಿಗೆ ಕರೆದರು.

"ಪ್ರತಿ ವರ್ಷ ಚಳಿಗೆ ಮುಂಚೆ ಈ ಗೂಡನ್ನು ಸಜ್ಜು ಮಾಡುತ್ತಿದ್ದುದು ನನ್ನ ಗಂಡ. ಅವರು ಹೋದ ಮೇಲೆ ಇದು ಮೊದಲ ಚಳಿಗಾಲ. ನನಗೆ ಅದು ಬರುವುದಿಲ್ಲ, ಮಿಸ್ಟರ್ ರಾಮ್. ನಿಮಗೆ ಬರುತ್ತದಲ್ಲ" ಎಂದರು.

ನನ್ನ ಹೆಸರು ರಾಮಲಿಂಗಯ್ಯ. ಅರ್ಧವಾದರೂ ಹೇಳುತ್ತಾರಲ್ಲ ಎಂದು ನನಗೆ ಆ ಹೆಂಗಸಿನ ಮೇಲೆ ವಿಶ್ವಾಸವಿತ್ತು. ಅವರು ಮೇಜರ್‌ನ ಕಿವಿ ಸವರಿ, ಬಗ್ಗಿ ಡಾಲಿಗೆ ಏನೋ ಪಿಸುಗುಟ್ಟಿ, ಹೋಗುವಾಗ ಹಿಂತಿರುಗಿ ನೋಡಲಿಲ್ಲ. ಕಣ್ಣು ಒರೆಸಿಕೊಂಡರೆಂದು ಕಾಣುತ್ತದೆ. ಆಗಲಾದರೂ ನಾನು ನಿಜ ಹೇಳಬಹುದಿತ್ತು. "ನಿಶ್ಚಿಂತೆಯಾಗಿ ಹೋಗಿಬನ್ನಿ" ಎಂದೆ.

ಗೂಡಿನ ಸಿಂಗಾರ

ಅಂದೇ ಕೆಲಸಕ್ಕೆ ಕೈಹಾಕಿದೆ. ಮೊದಲು ಸಗಣಿ ಬೇಕಿತ್ತು. ರಸ್ತೆಯ ಕೊನೆಯ ಹಸುವಿನ ಕೊಟ್ಟಿಗೆಗೆ ಬಕೆಟ್ಟು ಹಿಡಿದು ಹೋಗಿ, ಅಲ್ಲಿನ ರೈತನನ್ನು ಕೇಳಿದೆ.

"ಗುಲಾಬಿ ಗಿಡಕ್ಕೇನು?" ಎಂದ.

"ಅಲ್ಲ, ಮನೆಗೆ" ಎಂದೆ.

ಅವನು ನನ್ನನ್ನೂ ಬಕೆಟ್ಟನ್ನೂ ಎರಡೆರಡು ಸಲ ನೋಡಿ, ಮಾತಿಲ್ಲದೆ ತುಂಬಿಕೊಟ್ಟ. ಆ ದೇಶದಲ್ಲಿ ಹೆಚ್ಚಿಗೆ ಕೇಳುವುದು ಮರ್ಯಾದೆಯಲ್ಲ. ನಮ್ಮಲ್ಲಾಗಿದ್ದರೆ ಬೀದಿಯ ಅರ್ಧ ಜನ ನನ್ನ ಹಿಂದೆಯೇ ಬಂದು, ತಪ್ಪನ್ನು ಅಲ್ಲೇ ತಿದ್ದಿ ಕಳಿಸುತ್ತಿದ್ದರು.

ಸಗಣಿಯನ್ನು ಕಲಸಿ ಗೂಡಿನ ಹಲಗೆಗಳ ಸಂದುಗೊಂದುಗಳನ್ನೆಲ್ಲ ಒಳಗೂ ಹೊರಗೂ ಮೆತ್ತಿ ಸಾರಿಸಿದೆ. ಎದುರಿನ ತಂತಿಬಲೆಗೆ ಎರಡು ಪದರ ಗೋಣಿ ಹೊಡೆದು, ಅದರ ಮೇಲೆ ಹಳೆಯ ಪತ್ರಿಕೆಗಳನ್ನು ಅಂಟಿಸಿದೆ. ಕಡೆಗೆ ಗೂಡಿನ ನಾಲ್ಕು ಕಾಲುಗಳನ್ನೂ ನಾಲ್ಕು ತಗಡಿನ ಡಬ್ಬಿಗಳಲ್ಲಿಟ್ಟು ನೀರು ಹೊಯ್ದೆ.

ನಂಜುಂಡಪ್ಪನವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಸಾ, ನೀರ್ಯಾಕ್ ಉಯ್ತಿದ್ದೀರಿ?"

"ಇರುವೆ ಹತ್ತಬಾರದಲ್ಲ?"

"ಈ ಚಳೀಲಿ ಯಾವ್ ಇರ್ವೆ ಬಂದದು ಸಾ? ಬಂದ್ರೂ ಮೊಲವ ಏನ್ ಮಾಡಾದು?" ಎಂದವರು, "ಅಲ್ಲಾ, ಅಷ್ಟೊಂದ್ ಮುಚ್ಬ್ಯಾಡಿ. ವಸಿ..." ಎಂದು ಶುರುಮಾಡಿದರು.

"ನಂಜುಂಡಪ್ಪನವರೇ, ಇದು ನನಗೆ ಒಪ್ಪಿಸಿದ ಕೆಲಸ. ನಿಮ್ಮ ಮೈಸೂರಿನ ಪದ್ಧತಿ ನಿಮಗಿರಲಿ" ಎಂದೆ.

ಅವರ ಮುಖ ಸಣ್ಣದಾಯಿತು. "ಆಯ್ತು ಬುಡಿ ಸಾ" ಎಂದು ಒಳಗೆ ಹೋಗಿ, ಊರಿಂದ ತಂದಿದ್ದ ರಾಗಿಹಿಟ್ಟು ತೆಗೆದು ಮುದ್ದೆ ಕಟ್ಟಿದರು. ಊಟಕ್ಕೆ ಕೂತಾಗ ನನ್ನ ತಟ್ಟೆಗೆ ಹಾಕಿದ ಮುದ್ದೆ ಅವರದಕ್ಕಿಂತ ಚಿಕ್ಕದಾಗಿತ್ತು.

ನಾಲ್ಕನೆಯ ದಿನ

ದಿನಕ್ಕೆರಡು ಸಲ ಗೋಣಿಯ ಒಂದು ಮೂಲೆ ಎತ್ತಿ, ಮೇವು ತಳ್ಳಿ, ಬೆಚ್ಚನೆಯ ಗಾಳಿ ಹೊರಗೆ ಹೋಗದಿರಲೆಂದು ತಕ್ಷಣ ಮುಚ್ಚುತ್ತಿದ್ದೆ. ಒಳಗೆ ಕೈಯಿಟ್ಟರೆ ನಿಜಕ್ಕೂ ಬೆಚ್ಚಗಿರುತ್ತಿತ್ತು. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ನಾಲ್ಕನೆಯ ಬೆಳಿಗ್ಗೆ ಹಿಮ ಕೂತು ಹುಲ್ಲೆಲ್ಲ ಬೆಳ್ಳಗೆ ಗರಿಗಟ್ಟಿತ್ತು. ಅಡುಗೆಮನೆಯ ಬಾಗಿಲು ಕಿರ್ ಎಂದಿತು. ಸಿಳ್ಳೆ ಬರಲಿಲ್ಲ. ಮತ್ತೊಮ್ಮೆ ಮುಚ್ಚಿ ತೆಗೆದೆ. ಆಗಲೂ ಇಲ್ಲ.

ಗೋಣಿಯನ್ನು ಪೂರ್ತಿ ಎತ್ತಿದೆ. ಒಳಗಿಂದ ಬಂದ ಉಚ್ಚೆಯ ಘಾಟಿಗೆ ಕಣ್ಣಲ್ಲಿ ನೀರು ಬಂತು. ಮಾಡಿನ ಒಳಮೈ ತೊಟ್ಟಿಕ್ಕುತ್ತಿತ್ತು. ಹಾಸಿದ ಹುಲ್ಲು ಹಿಂಡಿದರೆ ನೀರು ಬರುವಂತಿತ್ತು. ನಾನು ಮೆತ್ತಿದ ಸಗಣಿ ಒದ್ದೆಯಾಗಿ ಜಾರಿ ಮೇಜರ್‌ನ ಬೆನ್ನ ಮೇಲೆ ಕೂತಿತ್ತು. ಮೇಜರ್ ಸೀನಿದ. ಪಾಲಿ ಮೇವು ಮುಟ್ಟದೆ ಮೂಲೆ ಸೇರಿತ್ತು. ಡಾಲಿ ಮೈ ಮುದುಡಿ, ರೋಮ ನಿಮಿರಿ, ಕಣ್ಣು ಅಂಟಿಕೊಂಡು ಕೂತಿತ್ತು. ಎತ್ತಿಕೊಂಡರೆ ಎದೆಯಲ್ಲಿ ಗೊರಗೊರ ಸದ್ದು.

ನನಗೆ ಅಳು ಬಂತು. ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿಸಿಕೊಂಡು ಮಲಗಿದ ಆ ಹೆಂಗಸಿಗೆ ಏನೆಂದು ಹೇಳಲಿ? ಗಂಡ ಬಿಟ್ಟುಹೋದ ಮೂರು ಜೀವಗಳನ್ನು ಮೂರೇ ದಿನದಲ್ಲಿ ಬೇಯಿಸಿಟ್ಟಿದ್ದೇನೆ ಎಂದೇ? "ನಂಜುಂಡಪ್ಪನೋರೇ!" ಎಂದು ಕೂಗಿದೆ. ಅವರು ಅರ್ಧ ಗಡ್ಡ ಕೆರೆದುಕೊಂಡವರು ಸಾಬೂನಿನ ಮುಖದಲ್ಲೇ ಓಡಿಬಂದರು.

ನೋಡಿದವರು ಬಯ್ಯಲಿಲ್ಲ. ಅದರಿಂದಲೇ ನನಗೆ ಹೆಚ್ಚು ನೋವಾಯಿತು. "ನಿಮ್ಮತ್ತೆ ಉಳದ್ ಮನೆ ಮಾಡು ಏನ್ರಿ ಸಾ, ಎಂಚಾ?" ಎಂದು ಕೇಳಿದರು.

"ಹೌದು, ನಾಡಹೆಂಚು."

"ಒಳೀಕೋಗಿ ತಲೆ ಎತ್ತಿ ನೋಡಿದ್ದೀರಾ ಒಂದಿನಾನಾರ?"

"ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ."

"ಅದ್ಕೇಯಾ. ಕೆಳ್ಗೆ ಎಷ್ಟಾರ ಮುಚ್ಚಲಿ, ಉಸ್ರೆಲ್ಲ ಎಂಚಿನ ಸಂದೀಲಿ ಮ್ಯಾಕ್ ಓಯ್ತದ. ಇಲ್ಲಿ ಡಾಂಬ್ರು ಮಾಡು, ಎಲ್ಲೋದದು? ಚಳಿಗಿಂತ ತ್ಯಾವ ಕೆಟ್ಟದು ಸಾ. ಉಳಕ್ಕೂ ಅಷ್ಟೇಯ, ಮೊಲಕ್ಕೂ ಅಷ್ಟೇಯ."

ನಾನು ಅತ್ತೆಯ ವಿದ್ಯೆಯ ಅರ್ಧವನ್ನಷ್ಟೇ ಕದ್ದಿದ್ದೆ. ಉಳಿದರ್ಧ ತಲೆಯ ಮೇಲಿತ್ತು.

ಅವರು ಹೇಳಿದಂತೆ ಮಾಡಿದೆ. ಗೂಡನ್ನು ಬಡಗಣ ಗಾಳಿಗೆ ಬೆನ್ನು ಮಾಡಿ ತಿರುಗಿಸಬೇಕಿತ್ತು, ಅದು ಅಲುಗಲಿಲ್ಲ. ನಾನು ಇರುವೆಗೆಂದು ಹೊಯ್ದ ನೀರು ಡಬ್ಬಿಗಳಲ್ಲಿ ಕಲ್ಲಾಗಿ, ನಾಲ್ಕು ಕಾಲುಗಳನ್ನೂ ಕಚ್ಚಿ ಹಿಡಿದಿತ್ತು. ಕೆಟಲಿನಲ್ಲಿ ನೀರು ಕಾಯಿಸಿ ಒಂದೊಂದೇ ಕಾಲಿಗೆ ಹೊಯ್ದು ಬಿಡಿಸುತ್ತಿರುವಾಗ, ಪಕ್ಕದ ಮನೆಯ ಮುದುಕ ಬೇಲಿಯಾಚೆಯಿಂದ ನೋಡಿ, ಟೋಪಿ ಎತ್ತಿ, "ಒಳ್ಳೆಯ ಚಳಿ" ಎಂದಷ್ಟೇ ಹೇಳಿ ಹೋದ. ಗೂಡಿನ ಕಾಲಿಗೆ ಸ್ನಾನ ಮಾಡಿಸುವುದು ಇಂಡಿಯಾದವರ ಪದ್ಧತಿ ಎಂದುಕೊಂಡಿರಬೇಕು.

ಸಗಣಿ ಕೆರೆದು ಹಲಗೆ ಒರೆಸಿದೆವು. ಗೂಡನ್ನು ಇಟ್ಟಿಗೆಗಳ ಮೇಲೆ ಎತ್ತರಿಸಿ, ಮಾಡಿನ ಕೆಳಗೆ ತಂತಿಬಲೆಯ ಒಂದು ಗೇಣನ್ನು ತೆರೆದೇ ಬಿಟ್ಟು, ಅದರ ಕೆಳಗೆ ಮಾತ್ರ ಗೋಣಿಯನ್ನು ಪರದೆಯಂತೆ ಇಳಿಬಿಟ್ಟೆವು. ಒಳಗೆ ಮೊಳದೆತ್ತರ ಒಣಹುಲ್ಲು ತುರುಕಿದೆವು. ಕುಡಿಯುವ ನೀರಿನ ಸೀಸೆ ಹೆಪ್ಪುಗಟ್ಟದಿರಲೆಂದು ನಂಜುಂಡಪ್ಪನವರು ತಮ್ಮ ಉಣ್ಣೆಯ ಕಾಲುಚೀಲವನ್ನು ಅದಕ್ಕೆ ತೊಡಿಸಿದರು. ಮೇಜರ್ ಮಧ್ಯಾಹ್ನದ ಹೊತ್ತಿಗೆ ಸೀನುವುದು ಬಿಟ್ಟ. ಪಾಲಿಯೂ ಮೇವಿಗೆ ಬಾಯಿ ಹಾಕಿತು.

ಡಾಲಿ ಮಾತ್ರ ಏಳಲಿಲ್ಲ.

ಬೆಂಕಿಯ ಮುಂದೆ

ಅದನ್ನು ಬುಟ್ಟಿಯಲ್ಲಿಟ್ಟು ಅಡುಗೆಮನೆಯ ಒಲೆಯ ಹತ್ತಿರ ತಂದೆವು. ಒರಟು ಉಣ್ಣೆಯ ಕಂಬಳಿ ಹೊದಿಸಿದರೆ ಅದರ ಭಾರಕ್ಕೇ ಏದುಸಿರು ಬಿಡುತ್ತಿತ್ತು.

"ಅಗುರಾಗಿರ್ಬೇಕು, ಬೆಚ್ಚಗೂ ಇರ್ಬೇಕು" ಎಂದು ನಂಜುಂಡಪ್ಪನವರು ನನ್ನ ಟ್ರಂಕಿನ ಕಡೆ ನೋಡಿದರು. "ಪಟ್ಟೆ ಮಗುಟ ಅದಲ್ಲ ಸಾ."

"ಅದು ಗಿರಣಿ ಯಜಮಾನರಿಗೆ. ಅತ್ತೆಗೆ ಮಾತು ಕೊಟ್ಟಿದ್ದೇನೆ."

"ಊ" ಎಂದರು.

ಅರ್ಧ ಗಂಟೆ ಆ ಗೊರಗೊರ ಕೇಳುತ್ತ ಕೂತಿದ್ದೆ. ಅಪ್ಪನ ಕೈ, ಅತ್ತೆಯ ಮಾತು, ಗಿರಣಿಯಲ್ಲಿ ನನಗೆ ಬರಬೇಕಾಗಿದ್ದ ಹೆಸರು ಎಲ್ಲ ಕಣ್ಣ ಮುಂದೆ ಬಂದವು. ಆಮೇಲೆ ಎದ್ದು ಟ್ರಂಕು ತೆಗೆದೆ. ನಾಲ್ಕು ಮಡಿಕೆ ಮಾಡಿದ ಮಗುಟದಲ್ಲಿ ಡಾಲಿಯನ್ನು ಸುತ್ತಿ ತೊಡೆಯ ಮೇಲಿಟ್ಟುಕೊಂಡೆ. ಪೆನ್ನಿಗೆ ಮಸಿ ತುಂಬುವ ಫಿಲ್ಲರನ್ನು ತೊಳೆದು, ಉಗುರುಬೆಚ್ಚಗಿನ ನೀರನ್ನು ಹನಿ ಹನಿಯಾಗಿ ಬಾಯಿಗೆ ಬಿಟ್ಟೆ. ಮೊದಲ ಹನಿ ಹೊರಗೆ ಬಂತು. ಎರಡನೆಯದೂ ಬಂತು. ಐದನೆಯದು ಒಳಗೆ ಹೋಯಿತು.

ಗಿರಣಿಗೆ ಹೋಗಲಾಗಲಿಲ್ಲ. ಮನೆಯಲ್ಲಿ ಕಾಯಿಲೆ ಎಂದು ಚೀಟಿ ಕಳಿಸಿದರೆ ಮ್ಯಾನೇಜರು ಖುದ್ದಾಗಿ ಬಂದು, ಯಾರಿಗೆ ಎಂದು ಕೇಳಿದರು. ಬೇರೆ ದಾರಿಯಿಲ್ಲದೆ ತೊಡೆಯ ಮೇಲಿನ ಗಂಟನ್ನು ತೋರಿಸಿದೆ. ಆತ ಟೋಪಿ ತೆಗೆದು, ಬಗ್ಗಿ ನೋಡಿ, "ಗುಣವಾಗುವವರೆಗೆ ಬರಬೇಡಿ" ಎಂದು ಗಂಭೀರವಾಗಿ ಹೇಳಿ ಹೋದರು. ನಮ್ಮ ಕಚೇರಿಯಲ್ಲಿ ನಾನು ಮೇಕೆಗೆ ನೆಗಡಿಯೆಂದು ರಜಾ ಕೇಳಿದ್ದರೆ ಆ ಅರ್ಜಿಯನ್ನು ಗೋಡೆಗೆ ಅಂಟಿಸಿ ವರ್ಷವಿಡೀ ನಗುತ್ತಿದ್ದರು.

ಡಾಲಿಯನ್ನು ಒಳಗೆ ತಂದ ಮೂರನೆಯ ದಿನ ಬೆಳಿಗ್ಗೆ ನಂಜುಂಡಪ್ಪನವರು ಎಲೆಕೋಸು ಹಿಡಿದು ಹಿತ್ತಲಿಗೆ ಹೊರಟು ಬಾಗಿಲು ತೆಗೆದರು. ಕಿರ್ ಎಂದಿತು. ನನ್ನ ತೊಡೆಯ ಮೇಲಿನಿಂದ, ತೀರ ಸಣ್ಣದಾಗಿ, 'ವೀಕ್' ಎಂದಿತು.

"ಕೇಳ್ತಾ ಸಾ? ಕೇಳ್ತಾ?" ಎಂದು ಅವರು ಎಲೆಕೋಸು ಹಿಡಿದೇ ಕುಣಿದರು. ನಾನು ಬಿಡಿಸಿ ನೋಡಿದೆ. ಡಾಲಿ ಜರಿಯಂಚಿನ ಪಕ್ಕದಲ್ಲೇ ಅಂಗೈಯಗಲ ಮಗುಟವನ್ನು ಕಡಿದುಹಾಕಿತ್ತು. ಅಷ್ಟು ಹಸಿವಾಗಿದೆಯಲ್ಲ ಎಂದು ನನಗೆ ಸಂತೋಷವೇ ಆಯಿತು. ನಂಜುಂಡಪ್ಪನವರ ಕೈ ಹಿಡಿದು, ನನ್ನದು ತಪ್ಪಾಯಿತು ಎಂದೆ. "ಅಯ್, ಬುಡಿ ಸಾ" ಎಂದರು. ಅಂದಿನ ಮುದ್ದೆ ದೊಡ್ಡದಾಗಿತ್ತು.

ಮಿಸೆಸ್ ಡಾಸನ್ ಬಂದರು

ಅವರು ಕೋಲೂರಿಕೊಂಡು ಬಂದವರು ಕೋಟು ಕೂಡ ಬಿಚ್ಚದೆ ನೇರ ಹಿತ್ತಲಿಗೆ ಹೋದರು. ಮೂರೂ ಇದ್ದವು. ಗೂಡನ್ನು ಸುತ್ತು ಹಾಕಿ, ತೆರೆದಿಟ್ಟ ಗೇಣನ್ನೂ ಕಾಲುಚೀಲ ತೊಟ್ಟ ಸೀಸೆಯನ್ನೂ ನೋಡಿ, ಸಂದಿನಲ್ಲಿ ಉಳಿದಿದ್ದ ಹಸಿರು ಚೂರನ್ನು ಉಗುರಿನಿಂದ ಕಿತ್ತು ಮೂಸಿದರು.

"ಇದೇನು ಮಿಸ್ಟರ್ ರಾಮ್?"

ಎಲ್ಲವನ್ನೂ ಹೇಳಿಬಿಟ್ಟೆ. ಸಗಣಿ, ಡಬ್ಬಿ, ಅತ್ತೆಯ ಹೊಸ್ತಿಲು, ನಾನು ಹುಟ್ಟಿದಾಗಿನಿಂದ ಒಂದು ಹುಳುವನ್ನೂ ಸಾಕದವನು ಎಂಬುದು. ಅವರು ಹೊಟ್ಟೆ ಹಿಡಿದು, "ನಗಿಸಬೇಡಿ, ಹೊಲಿಗೆ ಬಿಚ್ಚಿಹೋಗುತ್ತದೆ" ಎಂದು ಗೋಡೆಗೊರಗಿದರು.

"ನೀವು ಸಾಕಿದವರಲ್ಲ ಎಂದು ನನಗೆ ಮೊದಲೇ ಗೊತ್ತಿತ್ತು. ಮೇಜರ್‌ನನ್ನು ಬಿಸಿ ಪಾತ್ರೆ ಎತ್ತಿದಂತೆ ಎತ್ತುತ್ತಿದ್ದಿರಿ" ಎಂದರು.

"ಮತ್ತೆ ನನಗೇಕೆ ಒಪ್ಪಿಸಿದಿರಿ?"

"ಬಲ್ಲವರು ದಿನಕ್ಕೊಂದು ಸಲ ನೋಡಿ ಹೋಗುತ್ತಾರೆ. ಬಾರದೆ ಒಪ್ಪಿಕೊಂಡವರು ಹೆದರಿ ಹತ್ತು ಸಲ ನೋಡುತ್ತಾರೆ ಎಂದುಕೊಂಡೆ." ನಾನು ಎರಡೇ ಸಲ ನೋಡುತ್ತಿದ್ದೆ ಎಂಬುದನ್ನು ಮಾತ್ರ ಆಗಲೂ ಹೇಳಲಾಗಲಿಲ್ಲ.

ಮಗುಟದ ತೂತಿಗೆ ಅವರು ತಮ್ಮಲ್ಲಿದ್ದ ನೀಲಿ ಉಣ್ಣೆಯ ದಾರದಲ್ಲಿ ರಫು ಹಾಕಿಕೊಟ್ಟರು. ಬೆಣ್ಣೆಬಣ್ಣದ ಪಟ್ಟೆಯ ಮೇಲೆ ಅದು ದೂರಕ್ಕೇ ಎದ್ದು ಕಾಣುತ್ತಿತ್ತು. ಗಿರಣಿಯ ಯಜಮಾನರಿಗೆ ನಾನು ಬೀಳ್ಕೊಡುಗೆಯ ದಿನ ಒಂದು ನಿಂಬೆಹಣ್ಣು ಕೊಟ್ಟು ಕೈಮುಗಿದೆ.

ಹನೂರು

ಊರಿಗೆ ಬಂದ ವಾರದಲ್ಲಿ ಮಗುಟವನ್ನು ಕಂಕುಳಲ್ಲಿಟ್ಟುಕೊಂಡು ಹನೂರಿಗೆ ಹೋದೆ. ಅಪ್ಪನಿಗೆ ಇನ್ನೂ ತೋರಿಸಿರಲಿಲ್ಲ. ಅತ್ತೆ ಹುಳುಮನೆಯ ಹೊಸ್ತಿಲಲ್ಲಿ ಸೊಪ್ಪು ಹೆಚ್ಚುತ್ತಿದ್ದಳು. ನನ್ನ ಕೈಯಿಂದ ಬಟ್ಟೆ ತೆಗೆದುಕೊಂಡು ಬಿಡಿಸಿದವಳ ಬೆರಳು ನೀಲಿ ರಫಿನ ಮೇಲೆ ನಿಂತಿತು.

"ಯಾವ್ ದೊಡ್ ಮನುಷ್ರಿಗೆ ಕೊಟ್ಟಿದ್ದೆ ಕೂಸು ಇದ?"

ಬಿಲಾತಿಯ ಜಂಬವನ್ನೆಲ್ಲ ಬಸ್ಸಿನಲ್ಲೇ ಬಿಟ್ಟು ಇಳಿದಿದ್ದೆ. ಇಲಿಯಷ್ಟಿರುವ ಒಂದು ಪ್ರಾಣಿಗೆ ಹೊದಿಸಿದೆ ಎಂದೆ. ಅದಕ್ಕೆ ಕಾಯಿಲೆ ಬರಿಸಿದವನೂ ನಾನೇ ಎಂದೆ. ನಿನ್ನ ಮನೆಯನ್ನು ಹೊರಗಿಂದ ನೋಡಿ ಎಲ್ಲ ಗೊತ್ತು ಎಂದುಕೊಂಡಿದ್ದೆ, ಮಾಡು ನೋಡಿರಲಿಲ್ಲ ಎಂದೆ. ಅತ್ತೆ ಕತ್ತಿ ಕೆಳಗಿಟ್ಟು ಪೂರ್ತಿ ಕೇಳಿದಳು. ಬಯ್ಗುಳಕ್ಕೆ ಕಾದು ತಲೆ ತಗ್ಗಿಸಿದೆ.

"ಬದುಕ್ತಾ?" ಎಂದಳು.

"ಬದುಕ್ತು ಅತ್ತೆ."

"ಊ. ಅಂಗಾರ ದಂಡ ಆಗ್ನಿಲ್ಲ ಬುಡು." ಮಗುಟವನ್ನು ಮಡಿಸಿ ಪಕ್ಕಕ್ಕಿಟ್ಟು, ಸೊಪ್ಪಿನ ಬುಟ್ಟಿ ಸೊಂಟಕ್ಕೇರಿಸಿ ಎದ್ದಳು. ಗೋಣಿಯ ಪರದೆ ಎತ್ತಿ ಹಿಡಿದು ನನ್ನ ಕಡೆ ತಿರುಗಿದಳು.

"ಕಾಲ್ ತೊಳ್ಕಂಡು ಒಳೀಕ್ ಬಾ."

ಬಾನಿಯ ನೀರಿನಲ್ಲಿ ಕಾಲು ತೊಳೆದು, ಮೂವತ್ತು ವರ್ಷ ಹೊರಗೆ ನಿಂತಿದ್ದ ಹೊಸ್ತಿಲನ್ನು ದಾಟಿದೆ. ಒಳಗೆ ಸಾವಿರಾರು ಹುಳುಗಳು ಮೇಯುವ ಸದ್ದು ಸಣ್ಣ ಮಳೆಯ ಹಾಗೆ ಕೇಳುತ್ತಿತ್ತು.

"ಉಳ ಇಲ್ಲಿ ಅವೆ, ಮ್ಯಾಕ್ಯಾಕ್ ನೋಡೀಯೆ?" ಎಂದಳು ಅತ್ತೆ.

ಹೆಂಚಿನ ಸಂದುಗಳಲ್ಲಿ ಹಗಲ ಬೆಳಕು ಕಾಣುತ್ತಿತ್ತು.